ನೀಲಿ ಅಂಗಿ

ಕಬ್ಬಿಣದ ಸರಳು ಕಲ್ಲಿಗೆ ತಾಗಿದಂತೆ ಒಂದು ಸಣ್ಣ ಸದ್ದು. ಒಂದೇ ಸಲ. ನಾನು ನಿದ್ದೆಯಲ್ಲೂ ಕಿವಿ ತೆರೆದು ಮಲಗುವವಳು. ಶಟರ್ ಎಳೆಯುವ ಕೊಕ್ಕೆಯ ಸರಳಿನ ಸದ್ದು ಅದೆಂದು ತಕ್ಷಣ ಗೊತ್ತಾಯಿತು. ಗಡಿಯಾರ ನೋಡಿದೆ. ಒಂದೂವರೆ ದಾಟಿತ್ತು. ಶಟರ್ ಎಳೆದು ಎರಡು ತಾಸು ಕಳೆದಿತ್ತು.

ಆಗ ನಾವು ಗ್ರಾಂಟ್ ರೋಡಿನಲ್ಲಿದ್ದೆವು. ಕೆಳಗೆ ಅಪ್ಪ ಕಟ್ಟಿದ ಹೊಟೇಲು, ಅದರ ಮೇಲಿನ ಮಹಡಿಯಲ್ಲಿ ನನ್ನ ಮತ್ತು ತಮ್ಮ ಮನೀಶನ ಮನೆ. ಹಿಂದಿನ ಗಲ್ಲಿಯ ಕಡೆಗೆ ಒಂದು ಗ್ಯಾಲರಿ. ನಾನು ಅಲ್ಲಿಗೆ ಹೋಗಿ ಬಗ್ಗಿ ನೋಡಿದೆ. ಗಟಾರದ ಪಕ್ಕ ಒಬ್ಬ ಮನುಷ್ಯ ಬಿದ್ದಿದ್ದ. ಇನ್ನೊಬ್ಬ ಹೊಟೇಲಿನ ಹಿಂಬಾಗಿಲಿನತ್ತ ಹೋಗುತ್ತಿದ್ದ. ಓಡುತ್ತಿರಲಿಲ್ಲ. ನನಗೆ ಕಂಡದ್ದು ಅವನ ಬೆನ್ನು ಮತ್ತು ಅಂಗಿ. ಮೂರು ಉಸಿರು ತೆಗೆಯುವಷ್ಟು ಹೊತ್ತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು.

ಮೆಟ್ಟಿಲಿನ ಬಳಿ ಮನೀಶ ಎದ್ದು ಬಂದಿದ್ದ.

"ಎಂತ ಅಕ್ಕ?"

"ಕೆಳಗೆ ಯಾರೋ ಬಿದ್ದಿದ್ದಾರೆ. ಒಬ್ಬ ನಮ್ಮ ಹಿಂಬಾಗಿಲಿಂದ ಒಳಗೆ ಹೋದ. ನೀಲಿ ಅಂಗಿ."

"ಧರ್ಮಣ್ಣನಾ?"

"ಹೌದು."

ನಮ್ಮ ಹೊಟೇಲಿನ ಪದ್ಧತಿ ಗೊತ್ತಿಲ್ಲದವರಿಗೆ ಈ ಮಾತು ಇಷ್ಟು ಬೇಗ ಹೇಗೆ ಮುಗಿಯಿತು ಎಂದು ತಿಳಿಯಲಾರದು. ಅಪ್ಪನ ಕಾಲದಿಂದಲೂ ಟೇಬಲ್ ಒರೆಸಿ ತಟ್ಟೆ ಎತ್ತುವ ಕ್ಲೀನರ್‌ಗಳಿಗೆ ನೀಲಿ ಅಂಗಿ, ತಿಂಡಿ ತಂದಿಡುವ ಸಪ್ಲಾಯರ್‌ಗಳಿಗೆ ಮೆರೂನ್. ಸಪ್ಲಾಯರ್‌ಗಳು ಉಡುಪಿ ಕಡೆಯ ನಮ್ಮ ಊರಿನವರು. ಅವರ ಮನೆ, ಅವರ ಅಮ್ಮಂದಿರು, ಯಾರಿಗೆ ಯಾವ ದೈವದ ಹರಕೆ ಬಾಕಿಯಿದೆ ಎಂಬುದೆಲ್ಲ ನಮಗೆ ಗೊತ್ತು. ಕ್ಲೀನರ್‌ಗಳು ಯಾದಗಿರಿ, ರಾಯಚೂರು ಕಡೆಯವರು. ಬರುತ್ತಾರೆ, ಹೋಗುತ್ತಾರೆ. "ಏ ನೀಲಿ, ನಾಲ್ಕನೇ ಟೇಬಲ್" ಎಂದು ಗಲ್ಲೆಯಿಂದ ಅಪ್ಪ ಕೂಗುತ್ತಿದ್ದರು. ಗಿರಾಕಿಗಳೂ ಹಾಗೇ ಕೂಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ನೀಲಿ ಎಂಬುದು ಒಬ್ಬನ ಹೆಸರೆಂದೇ ತಿಳಿದಿದ್ದೆ.

ಆ ವಾರ ನಾಲ್ವರು ಕ್ಲೀನರ್‌ಗಳಲ್ಲಿ ಮೂವರು ಊರಿಗೆ ಹೋಗಿದ್ದರು. ಉಳಿದವನು ಧರ್ಮಣ್ಣ ಒಬ್ಬನೇ. ಅವರು ಹೋದದ್ದು ಧರ್ಮಣ್ಣನ ಸ್ವಂತ ತಮ್ಮನ ಮದುವೆಗೆ. ಮ್ಯಾನೇಜರ್ ಅನಿಲಕುಮಾರ ಮೂವರಿಗೆ ರಜೆ ಕೊಟ್ಟು, ಒಬ್ಬನಾದರೂ ಬೇಕೆಂದು ಇವನನ್ನೇ ಉಳಿಸಿಕೊಂಡಿದ್ದ. ಇಬ್ಬರಿಗೂ ಅಡುಗೆಮನೆಯಲ್ಲಿ ಜೋರು ಜಗಳವಾಗಿತ್ತು. ಗಟಾರದ ಪಕ್ಕ ತಲೆಯೊಡೆದು ಬಿದ್ದಿದ್ದವನು ಅದೇ ಅನಿಲಕುಮಾರ. ಆಸ್ಪತ್ರೆಗೆ ಒಯ್ಯುವ ಮೊದಲೇ ಸತ್ತಿದ್ದ.

ಪೊಲೀಸರು ಬಂದಾಗ ಧರ್ಮಣ್ಣ ಅಡುಗೆಮನೆಯ ಹಿಂಬಾಗಿಲ ಬಳಿ ಮಲಗಿದ್ದ. ಅಂಗಿ ಒದ್ದೆಯಾಗಿತ್ತು. ರಕ್ತ ತೊಳೆದುಕೊಂಡಿದ್ದಾನೆ ಎಂದರು. ಕ್ಲೀನರ್‌ನ ಅಂಗಿ ಯಾವತ್ತು ಒಣಗಿರುತ್ತದೆ ಎಂದು ಯಾರೂ ಕೇಳಲಿಲ್ಲ. ಸರಳಿನ ಮೇಲೆ ಅವನ ಬೆರಳಚ್ಚಿತ್ತು. ದಿನಾ ರಾತ್ರಿ ಶಟರ್ ಎಳೆಯುವವನೂ ಅವನೇ.

ನನ್ನ ಹೇಳಿಕೆ ಬರೆದುಕೊಂಡ ಅಧಿಕಾರಿ ಸೌಮ್ಯವಾಗಿಯೇ ಮಾತಾಡಿದರು. "ಟೀಚರ್, ಚೆಹರಾ ದೇಖಾ ನಾ ಆಪನೇ?"

"ಧರ್ಮಣ್ಣನೇ," ಎಂದೆ ನಾನು ಹಿಂದಿಯಲ್ಲಿ.

"ಮ್ಹಣಜೇ ಚೆಹರಾ ಪಾಹಿಲಾ," ಎಂದು ಅವರು ಮರಾಠಿಯಲ್ಲಿ ಬರೆದರು.

ಮುಖ ನೋಡಿದೆ ಎಂದಾಯಿತು. ನನಗೆ ಮರಾಠಿ ಓದಲು ಬರುತ್ತದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳ ನಿಬಂಧದಲ್ಲಿ 'ಬಹಳ' ಎಂಬ ಒಂದು ಪದ ಹೆಚ್ಚಾದರೂ ಕೆಂಪು ಗೆರೆ ಎಳೆಯುವವಳು ನಾನು. ಆ ವಾಕ್ಯವನ್ನು ಎರಡು ಸಲ ಓದಿ ಕೆಳಗೆ ಸಹಿ ಹಾಕಿದೆ. ನೆರೆಹೊರೆಯವರಿಗೆ ಹೇಳುವಾಗ, ಶಾಲೆಯಲ್ಲಿ ಹೇಳುವಾಗ ಮುಖ ಸ್ವಲ್ಪ ಸ್ವಲ್ಪವಾಗಿ ಮೂಡುತ್ತ ಬಂತು. ಮೊದಲು ಕೆನ್ನೆ ಬಂತು, ಆಮೇಲೆ ಅವನ ಸಣ್ಣ ಮೀಸೆ. ಕೋರ್ಟಿನ ದಿನ ಬರುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು ತಿರುಗಿ ನನ್ನನ್ನು ನೋಡಿಯೂ ಆಗಿತ್ತು.

ಆ ದಿನ ಬಂದದ್ದು ಎರಡು ವರ್ಷ ಕಳೆದ ಮೇಲೆ. ಆರೋಪಿಯನ್ನು ತೋರಿಸಿ ಎಂದರು. ಹಿಂದಿನ ಬೆಂಚಿನಲ್ಲಿ ಬೇರೆ ಬೇರೆ ಕೇಸಿನ ನಾಲ್ಕೈದು ಜನ ಕುಳಿತಿದ್ದರು. ಎಲ್ಲರೂ ಚೌಕಳಿಯದೋ ಬಿಳಿಯದೋ ಅಂಗಿ ತೊಟ್ಟಿದ್ದರು. ನನಗೆ ತಕ್ಷಣ ತಿಳಿಯಲಿಲ್ಲ. ಅಷ್ಟರಲ್ಲಿ ಅವರಲ್ಲೊಬ್ಬ ನನ್ನನ್ನು ಕಂಡು, ಹೊಟೇಲಿನಲ್ಲಿ ದಿನಾ ಮಾಡುತ್ತಿದ್ದಂತೆ, ಅರ್ಧ ಎದ್ದು ಕೈಮುಗಿದ. ಕೈ ಮುಗಿದವನತ್ತ ನಾನು ಬೆರಳು ತೋರಿಸಿದೆ.

ಅವನ ವಕೀಲೆ ಸರ್ಕಾರ ಕೊಟ್ಟವಳು, ಚಿಕ್ಕ ಹುಡುಗಿ. ಬೆಳಕು ಸಾಕಷ್ಟಿತ್ತೇ ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಸರ್ಕಾರಿ ವಕೀಲರು ಫೋಟೊಗಳನ್ನು ತೆಗೆದಿಟ್ಟರು. ಘಟನೆಯಾಗಿ ಎರಡು ತಿಂಗಳ ಮೇಲೆ ಪೊಲೀಸರು ರಾತ್ರಿ ಹೊತ್ತು ನಮ್ಮ ಗ್ಯಾಲರಿಯಿಂದ ತೆಗೆದ ಫೋಟೊಗಳು. ಹಿಂಬಾಗಿಲ ಬಳಿ ನೀಲಿ ಅಂಗಿ ತೊಡಿಸಿ ಒಬ್ಬ ಪೇದೆಯನ್ನು ನಿಲ್ಲಿಸಿದ್ದರು. ಅಂಗಿಯ ಗುಂಡಿ ಸಹ ಎಣಿಸಬಹುದಿತ್ತು.

"ಬಣ್ಣ ಯಾವುದು?" ಎಂದಳು ಹುಡುಗಿ.

"ನೀಲಿ."

"ಪಕ್ಕಾ?"

"ಹುಟ್ಟಿದಾಗಿನಿಂದ ಆ ಅಂಗಿ ನೋಡಿದ್ದೇನೆ," ಎಂದೆ. ಯಾರೋ ಸಣ್ಣಗೆ ನಕ್ಕರು. ನನಗೆ ಹೆಮ್ಮೆಯಾಯಿತು.

ವಿದ್ಯಾವಂತೆ, ಶಿಕ್ಷಕಿ, ಆರೋಪಿಯೊಡನೆ ದ್ವೇಷವಿಲ್ಲದವಳು, ಇವಳ ಮಾತನ್ನು ನಂಬದಿರಲು ಕಾರಣವಿಲ್ಲ ಎಂದು ತೀರ್ಪಿನಲ್ಲಿ ಬರೆದರು. ಧರ್ಮಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ನಾಸಿಕದ ಜೈಲಿಗೆ ಕಳಿಸಿದರು.

ನಾನು ಆ ಮನೆಯಲ್ಲಿ ಮಲಗಲಾರದೆ ಬೊರಿವಲಿಗೆ ಬಂದು ಒಂದು ರೂಮು ಹಿಡಿದೆ. ಇಲ್ಲಿ ಗಲ್ಲಿಯಿಲ್ಲ, ಏಳನೇ ಮಹಡಿ. ಆದರೂ ನಿದ್ದೆ ಬರಲಿಲ್ಲ. ಎಚ್ಚರವಿದ್ದ ರಾತ್ರಿಗಳಲ್ಲಿ ನನ್ನನ್ನೇ ಪ್ರಶ್ನಿಸಿಕೊಳ್ಳುತ್ತಿದ್ದೆ. ಮುಖ ನೋಡಿದ್ದೆಯಾ? ಇಲ್ಲ. ಅದನ್ನು ನನ್ನ ಮಟ್ಟಿಗೆ ಒಪ್ಪಿಕೊಂಡೆ. ಆದರೆ ನೀಲಿ ಅಂಗಿ ನೋಡಿದ್ದು ನಿಜ, ಆ ರಾತ್ರಿ ನೀಲಿ ಅಂಗಿಯವನು ಅಲ್ಲಿ ಒಬ್ಬನೇ ಇದ್ದದ್ದು ನಿಜ. ಹಾಗಾಗಿ ಸುಳ್ಳು ಹೇಳಿದ್ದರೂ ತಪ್ಪು ಹೇಳಿಲ್ಲ. ಈ ಲೆಕ್ಕ ಮುಗಿದ ಮೇಲೆ ಒಂದೆರಡು ಗಂಟೆ ಮಲಗಲು ಆಗುತ್ತಿತ್ತು.

ಕಳೆದ ಜೂನ್‌ನಲ್ಲಿ ನನಗೆ ಧಾರಾವಿಯ ಶಾಲೆಗೆ ವರ್ಗವಾಯಿತು. ಮೊದಲ ದಿನವೇ ಗೇಟಿನಲ್ಲಿ ಮಗಳನ್ನು ಬಿಡಲು ಬಂದಿದ್ದ ಹೆಂಗಸನ್ನು ಕಂಡು ಗುರುತು ಹತ್ತಿತು. ಕೋರ್ಟಿನ ಕಾರಿಡಾರಿನಲ್ಲಿ ನೆಲದ ಮೇಲೆ ಕೂರುತ್ತಿದ್ದವಳು, ಧರ್ಮಣ್ಣನ ಹೆಂಡತಿ ಸುಂದ್ರವ್ವ. ಅವಳಿಗೂ ನನ್ನ ಗುರುತು ಹತ್ತಿತು. ಮಗಳ ಬೆನ್ನು ಒಳಕ್ಕೆ ತಳ್ಳಿ ಹೋದಳು. ಮಗಳು ಭುವನೇಶ್ವರಿ ನನ್ನ ಎಂಟನೇ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕುಳಿತಳು. ಚುರುಕು ಹುಡುಗಿ. ನಾನು ಅವಳಿಗೆ ಪ್ರಶ್ನೆ ಕೇಳುವುದು ಕಡಿಮೆ, ಅಂಕ ಕೊಡುವುದು ಸ್ವಲ್ಪ ಜಾಸ್ತಿ.

ಡಿಸೆಂಬರಿನಲ್ಲಿ ಅವಳು ಹನ್ನೆರಡು ದಿನ ಬರಲಿಲ್ಲ. ಗೈರಾದ ಮಕ್ಕಳ ಮನೆಗೆ ಹೋಗಿ ಕೇಳಿ ಬರುವುದು ನಮ್ಮ ಕೆಲಸ. ಬೇರೆ ಟೀಚರನ್ನು ಕಳಿಸಬಹುದಿತ್ತು. ನಾನೇ ಹೋದೆ.

ಶನಿವಾರ ಸಂಜೆ. ಸುಂದ್ರವ್ವ ಕೆಲಸ ಮಾಡುವುದು ಹಳೇ ಪ್ಲಾಸ್ಟಿಕ್ ಬೇರ್ಪಡಿಸುವ ಒಂದು ಶೆಡ್ಡಿನಲ್ಲಿ. ಒಡೆದ ಬಕೆಟ್, ಡಬ್ಬಿ, ಮುಚ್ಚಳಗಳ ರಾಶಿಯ ಸುತ್ತ ಆರೇಳು ಹೆಂಗಸರು ಕುಳಿತು ಒಂದೊಂದು ಬಣ್ಣವನ್ನು ಒಂದೊಂದು ಚೀಲಕ್ಕೆ ಎಸೆಯುತ್ತಿದ್ದರು. ನನ್ನನ್ನು ಕಂಡು ಅವಳ ಪಕ್ಕದ ರುದ್ರವ್ವ ಎಂಬವಳು, "ಸುಂದ್ರೀ, ಟೀಚರ್ ಬಂದಾರ. ಮಗ್ಗಿ ಕೇಳ್ತಾರ, ತಯಾರಾಗು," ಎಂದಳು.

"ನಿನಗ ಕೇಳಿದ್ರ ಎರಡರ ಮಗ್ಗಿ ದಾಟೂದಿಲ್ಲ, ಸುಮ್ಕಿರು," ಎಂದು ಸುಂದ್ರವ್ವ ಒಂದು ಗೋಣಿ ಮಡಿಸಿ ಹಾಕಿದಳು. "ಕುಂದರ್ರಿ ಟೀಚರ್."

"ಭುವನೇಶ್ವರಿಗೆ ಹುಷಾರಿಲ್ವಾ?"

"ಹುಷಾರ್ ಅದಾಳ್ರಿ. ನೀವು ಯಾರಂತ ಗೊತ್ತಾಗ್ಯಾದ. ಬಾಜೂ ಮನಿ ಹುಡುಗಿ ಹೇಳ್ಯಾಳ. ಅವತ್ತಿಂದ ಸಾಲಿ ಅಂದ್ರ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೋತಾಳ."

"ನಿಮಗೆ ಮೊದಲೇ ಗೊತ್ತಿತ್ತಲ್ಲ. ಆದರೂ ನನ್ನ ಕ್ಲಾಸಿಗೆ ಕಳಿಸಿದ್ರಿ."

"ಈ ಕಡಿ ಕನ್ನಡ ಸಾಲಿ ಇದೊಂದೇ ಅದಲ್ರಿ. ನಿಮ್ಮ ಮಾರಿ ಬ್ಯಾಡಂತ ಬಿಟ್ರ ಅಕಿ ಎಲ್ಲಿ ಕಲೀಬೇಕು?"

ಅವಳ ಕೈ ನಿಲ್ಲಲಿಲ್ಲ. ನೀಲಿ ನೀಲಿಗೆ, ಕೆಂಪು ಕೆಂಪಿಗೆ, ನೋಡದೆ ಎಸೆಯುತ್ತಿದ್ದಳು. ಹಾಗೆ ಎಸೆಯುತ್ತಲೇ ದನಿ ತಗ್ಗಿಸಿ ಹೇಳಿದಳು:

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕೋರ್ಟಿನ್ಯಾಗ ನೀವು ಏನು ಮಾತಾಡಿದ್ರಿ ನನಗ ತಿಳೀಲಿಲ್ಲ. ಹಿಂದಿ, ಮರಾಠಿ, ಇಂಗ್ಲೀಷ್ ಎಲ್ಲಾ ಕಲಸಿ ಹಾಕಿದ್ರು. ಈಗ ನನಗ ಕನ್ನಡದಾಗ ಹೇಳ್ರಿ. ಅವತ್ತು ಅವನಿಗಿ ನೋಡೀರೇನು?"

ಕಾಲ ಬಳಿ ಉರುಳಿ ಬಂದ ಒಂದು ಮುಚ್ಚಳವನ್ನು ನಾನು ರಾಶಿಗೆ ತಳ್ಳಿದೆ.

"ತಿಂಗಳಿಗೊಮ್ಮಿ ನಾಸಿಕಕ್ಕ ಹೋಗ್ತೀನ್ರಿ. ನಾ ಮಾಡಿಲ್ಲ ಅಂತ ಅಳ್ತಾನ. ಮಾಡಿದಾಂವನೂ ಹಂಗೇ ಅಂತಾನ, ಮಾಡದಾಂವನೂ ಹಂಗೇ ಅಂತಾನ. ನಾ ಅಲ್ಲಿ ಇದ್ದಿಲ್ಲ, ನೀವು ಇದ್ರಿ. ನೀವು ನೋಡೀನಿ ಅಂದ್ರ ಇವತ್ತಿಗಿ ಮುಗೀತು. ನಾಸಿಕಕ್ಕ ಹೋಗೂದು ಬಿಡ್ತೀನಿ. ಮಗಳಿಗೂ ಹೇಳ್ತೀನಿ, ನಿಮ್ಮಪ್ಪ ಮಾಡ್ಯಾನ, ಟೀಚರ್ ಖರೇ ಹೇಳ್ಯಾರ, ಸಾಲೀಗಿ ಹೋಗು ಅಂತ. ನೋಡಿಲ್ಲ ಅಂದ್ರ ನಾಳೆ ಹೋಗಿ ಆ ವಕೀಲಬಾಯಿ ಮನಿ ಮುಂದ ಕುಂದರ್ತೀನಿ. ಹೈಕೋರ್ಟಿನ್ಯಾಗ ಅಪೀಲ್ ಇನ್ನಾ ಅದ. ಏನಾರ ಒಂದು ಹೇಳ್ರಿ. ಎರಡರ ನಡುವ ಇರೂದು ನನ್ನಿಂದ ಆಗವಲ್ದು."

ನಾನು ನನ್ನ ರಾತ್ರಿಗಳ ಲೆಕ್ಕವನ್ನು ಮತ್ತೊಮ್ಮೆ ಮಾಡಿದೆ. ಮುಖವಿಲ್ಲ. ಆದರೆ ಅಂಗಿಯಿದೆ. ಅಂಗಿ ಸುಳ್ಳಲ್ಲ.

"ನೋಡಿದೆ, ಸುಂದ್ರವ್ವ."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಹೂಂ ಎಂದಳು, ಅಷ್ಟೇ. ಕೈಯಲ್ಲಿದ್ದ ಡಬ್ಬಿಯನ್ನು ಅದರ ಚೀಲಕ್ಕೆ ಎಸೆದು ಇನ್ನೊಂದನ್ನು ಎತ್ತಿಕೊಂಡಳು. ಯಾರೋ ಚಹಾ ತಂದರು. ಕುಡಿಯದೆ ಏಳುವುದು ಸರಿಯಲ್ಲವೆಂದು ಕುಳಿತೆ.

ಹೊರಗೆ ಕತ್ತಲಾಗುತ್ತ ಬಂದು ಓಣಿಯ ಕಂಬದ ದೀಪ ಹತ್ತಿಕೊಂಡಿತು. ಹಳೇ ಮಾದರಿಯ ಹಳದಿ ದೀಪ. "ದೀಪ ಬಂತು, ಕೈ ಬಿಡ್ರೆವ್ವಾ," ಎಂದು ರುದ್ರವ್ವ ಕೂಗಿದಳು. ಎಲ್ಲರೂ ಒಮ್ಮೆಲೇ ಕೈ ಝಾಡಿಸಿ ಎದ್ದರು. ರಾಶಿ ಇನ್ನೂ ಅರ್ಧ ಉಳಿದಿತ್ತು.

"ಇಷ್ಟು ಬೇಗ ಮುಗೀತಾ?" ಎಂದೆ. ಏನಾದರೂ ಮಾತಾಡಬೇಕಿತ್ತು.

"ಬಣ್ಣದ ಕೆಲಸ ಹಗಲಿನ್ಯಾಗ ಅಷ್ಟೇರಿ," ಎಂದಳು ಸುಂದ್ರವ್ವ. "ಈ ಹಳದಿ ದೀಪದಾಗ ನೀಲಿ, ಮೆರೂನ್, ಕರೀದು ಎಲ್ಲಾ ಒಂದೇ ಕಾಣ್ತಾವ. ಒಂದು ತಪ್ಪಿ ಬಿದ್ರ ಇಡೀ ಚೀಲ ಕೆಡ್ತದ. ಮಾಲಕ ಬೈತಾನ."

ನಾನು ಲೋಟ ಕೆಳಗಿಟ್ಟೆ.

ರುದ್ರವ್ವನಿಗೆ ತಮಾಷೆ ಬೇಕಿತ್ತು. ರಾಶಿಯಿಂದ ಎರಡು ಮುಚ್ಚಳ ಎತ್ತಿ ನನ್ನ ಎರಡು ಅಂಗೈಯಲ್ಲಿಟ್ಟಳು. "ಹೇಳ್ರಿ ಟೀಚರ್. ನೀಲಿ ಯಾವುದು?"

ಎರಡೂ ಒಂದೇ ತರ ಇದ್ದವು, ಸುಟ್ಟ ಕಂದು ಬಣ್ಣ. ಆದರೆ ಬಲಗೈಯದು ನೀಲಿ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದರೆ ಕಡಿಮೆಯಾಯಿತು. ನೋಡುತ್ತ ನೋಡುತ್ತ ಅದು ನೀಲಿಯಾಗಿಯೇ ಕಾಣತೊಡಗಿತು. "ಇದು," ಎಂದೆ.

ಸುಂದ್ರವ್ವ ಮೊಬೈಲಿನ ಬೆಳಕು ಹಾಕಿದಳು. ಬಲಗೈಯಲ್ಲಿದ್ದದ್ದು ಮೆರೂನ್.

"ಟೀಚರ್ ಫೇಲ್!" ಎಂದಳು ರುದ್ರವ್ವ. ಹೆಂಗಸರೆಲ್ಲ ನಕ್ಕರು. ಸುಂದ್ರವ್ವನೂ ನಕ್ಕಳು. ಅವಳ ನಗು ನಾನು ಕಂಡದ್ದು ಅದೇ ಮೊದಲು.

ಆಗ ನನಗೆ ನೆನಪಾದದ್ದು ನನ್ನ ನೈಟಿ. ಆ ರಾತ್ರಿ ನಾನು ಬಿಳಿ ನೈಟಿ ತೊಟ್ಟಿದ್ದೆ. ಗ್ಯಾಲರಿಯ ಕಟಕಟೆ ಹಿಡಿದ ನನ್ನ ತೋಳು ಅರಿಸಿನ ನೀರಿನಲ್ಲಿ ಅದ್ದಿದಂತಿತ್ತು. ನಮ್ಮ ಗಲ್ಲಿಯಲ್ಲೂ ಆಗ ಹಳದಿ ದೀಪವೇ ಇದ್ದದ್ದು. ಬಿಳಿ ದೀಪ ಹಾಕಿದ್ದು ಆಮೇಲೆ, ಪೊಲೀಸರು ಫೋಟೊ ತೆಗೆಯಲು ಬರುವುದಕ್ಕೆ ಒಂದು ವಾರ ಮೊದಲು. ಆ ಪೇದೆಯನ್ನು ಗ್ಯಾಲರಿಯಿಂದ ನೋಡಿ, ಎಷ್ಟು ಸ್ಪಷ್ಟ ಕಾಣುತ್ತದೆ ಎಂದು ನಾನು ಸಮಾಧಾನಪಟ್ಟಿದ್ದೆ. ಅವತ್ತಿನಿಂದ ನನ್ನ ನೆನಪಿನ ಗಲ್ಲಿಯಲ್ಲೂ ಬಿಳಿ ದೀಪವೇ ಉರಿಯುತ್ತಿತ್ತು.

ನೀಲಿ ನನಗೆ ಕಂಡಿರಲಿಲ್ಲ. ಗಾಢ ಬಣ್ಣದ ಒಂದು ಅಂಗಿ ಕಂಡಿತ್ತು. ಆ ರಾತ್ರಿ ಹೊಟೇಲಿನ ಅಟ್ಟದಲ್ಲಿ ಮೆರೂನ್ ಅಂಗಿಯವರು ಏಳು ಜನ ಮಲಗಿದ್ದರು. ಅವರಲ್ಲಿ ಒಬ್ಬನ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಅವರು ನಮ್ಮ ಊರಿನವರು. ಗಟಾರದ ಪಕ್ಕ ಅಂಥದೊಂದು ಕಂಡಾಗ ನನ್ನ ಕಣ್ಣು ತಾನಾಗಿ ನೀಲಿಯನ್ನು ಆರಿಸಿಕೊಂಡಿತು.

ಸುಂದ್ರವ್ವ ನನ್ನನ್ನು ದೊಡ್ಡ ರಸ್ತೆಯವರೆಗೆ ಕಳಿಸಿಕೊಡಲು ಬಂದಳು. ಓಣಿ ಇಕ್ಕಟ್ಟು, ಅವಳು ಮುಂದೆ, ನಾನು ಹಿಂದೆ. ಅವಳ ಸೀರೆಯ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ. ಹತ್ತು ನಿಮಿಷದ ದಾರಿ. ಹತ್ತು ನಿಮಿಷ ನನಗೆ ಅವಕಾಶವಿತ್ತು.

"ಸುಂದ್ರವ್ವ," ಎಂದೆ ರಸ್ತೆ ಬಂದಾಗ.

"ಹೇಳ್ರಿ."

"ಭುವನೇಶ್ವರಿಯ ನೋಟ್ಸ್ ಬಾಕಿ ಉಂಟು. ನಾನು ಕೂತು ಬರೆಸ್ತೇನೆ."

"ಸೋಮವಾರ ಕಳಿಸ್ತೀನ್ರಿ," ಎಂದು ಅವಳು ತಿರುಗಿದಳು.

ಮಾಹಿಮ್ ಸ್ಟೇಷನ್ನಿನಲ್ಲಿ ನಿಂತು ಮನೀಶನಿಗೆ ಫೋನ್ ಮಾಡಿದೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಮನೀಶ, ಅನಿಲಕುಮಾರ ಸತ್ತ ರಾತ್ರಿ ಹಿಂದಿನ ಗಲ್ಲಿಯ ದೀಪ ಯಾವ ಬಣ್ಣ ಇತ್ತು?"

ಪಾತ್ರೆಯ ಸದ್ದು ದೂರವಾಯಿತು. ಅವನು ಹೊರಗೆ ಬಂದಿರಬೇಕು.

"ಈಗ ಎಂತಕ್ಕೆ ಅಕ್ಕ ಅದು?"

"ಸುಮ್ಮನೆ ಕೇಳಿದೆ."

"ಹಳದಿ," ಎಂದ. ಯೋಚಿಸಲಿಲ್ಲ. ಉತ್ತರ ಎಷ್ಟೋ ದಿನದಿಂದ ಸಿದ್ಧವಾಗಿದ್ದಂತೆ ಹೇಳಿದ.

"ನಿನಗೆ ಗೊತ್ತಿತ್ತಾ?"

"ನನಗೆ ಎಂತ ಗೊತ್ತು? ನಾನು ನೋಡಲಿಲ್ಲ. ನೋಡಿದ್ದು ನೀನು. ನೀಲಿ ಅಂದದ್ದು ನೀನು."

"ಹೆಸರು ಹೇಳಿದ್ದು ನೀನು."

"ಹೌದು ಅಂದದ್ದು ಯಾರು?"

ಚರ್ಚ್‌ಗೇಟ್ ಕಡೆಯ ಫಾಸ್ಟ್ ಗಾಡಿಯೊಂದು ನಿಲ್ಲದೆ ಹೋಯಿತು. ಅದು ದಾಟುವವರೆಗೆ ಇಬ್ಬರೂ ಕಾದೆವು.

"ಅಕ್ಕ," ಎಂದ ಅವನು, ದನಿ ಮೆತ್ತಗೆ ಮಾಡಿ. "ಏಳೂ ಹುಡುಗರನ್ನು ಅವರವರ ಮನೆಗೆ ಹೋಗಿ ನಾನೇ ಕರೆದುಕೊಂಡು ಬಂದದ್ದು. ಇಬ್ಬರ ಮದುವೆ ಆಯ್ತು. ಒಬ್ಬನಿಗೆ ಮಗು ಆಯ್ತು. ಈಗ ನಾನು ಯಾರ ಅಮ್ಮನ ಹತ್ತಿರ ಹೋಗಿ ಕೇಳಲಿ? ಧರ್ಮಣ್ಣ ನಮ್ಮವನಾ ಹೇಳು. ಮತ್ತೆ ಎಂತಕ್ಕೆ? ನಿನಗೆ ಊಟ ಆಯ್ತಾ?"

"ಇಲ್ಲ," ಎಂದೆ. "ಮಾಡ್ತೇನೆ."

ಬೊರಿವಲಿಯವರೆಗೆ ನಿಂತೇ ಬಂದೆ. ಹೇಳಿದರೆ ಏನಾಗಬಹುದು ಎಂದು ಒಂದೊಂದಾಗಿ ಯೋಚಿಸಿದೆ. ಸುಳ್ಳು ಸಾಕ್ಷಿ ಹೇಳಿದವಳೆಂದು ಕೇಸು ಹಾಕಬಹುದು. ಕೆಲಸ ಹೋಗಬಹುದು. ನಿವೃತ್ತಿಗೆ ಎಂಟು ವರ್ಷವಿದೆ. ಅಪ್ಪನ ಹೊಟೇಲು ಮುಚ್ಚಬಹುದು. ಇವೆಲ್ಲ ನಿಜವಾದ ಭಯಗಳೇ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಶೆಡ್ಡಿಗೆ ಮತ್ತೆ ಹೋಗಿ, ಓದು ಬಾರದ ಆ ಹೆಂಗಸಿನ ಎದುರು ಗೋಣಿಯ ಮೇಲೆ ಕುಳಿತು, ನಿನಗೆ ದಿನಾ ಸಂಜೆ ಗೊತ್ತಾಗುವುದು ನನಗೆ ಗೊತ್ತಾಗಲಿಲ್ಲ ಎಂದು ಹೇಳಬೇಕು. ಜೈಲಿಗಿಂತ ಅದೇ ಕಷ್ಟವೆನಿಸಿತು.

ಸೋಮವಾರ ಭುವನೇಶ್ವರಿ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು. ಪ್ರಾರ್ಥನೆಗೆ ಮೊದಲು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಟೀಚರ್, ಒಂದು ರಿಕ್ವೆಸ್ಟ್ ಅದ."

"ಹೇಳು."

ಈ ಊರಿನ ಶಾಲೆಗಳಲ್ಲಿ ಮಕ್ಕಳ ಹೆಸರಿನ ನಡುವೆ ತಂದೆಯ ಹೆಸರು ಸೇರಿಸಿ ಬರೆಯುತ್ತೇವೆ, ಹಾಜರಿಯಲ್ಲಿ ಹಾಗೇ ಕೂಗುತ್ತೇವೆ.

"ಹಾಜರಿ ಕರೆಯೋವಾಗ ನನ್ನ ಅಪ್ಪನ ಹೆಸರು ಓದಬ್ಯಾಡ್ರಿ. ರಿಜಿಸ್ಟರ್‌ನ್ಯಾಗ ಇರ್ಲಿ, ತೆಗಿಲಿಕ್ಕೆ ಪ್ರೋಸೆಸ್ ಅದ ಅಂತ ಗೊತ್ತು. ಓದಬ್ಯಾಡ್ರಿ ಅಷ್ಟೇ. ಅವ್ವನೂ ಹೂಂ ಅಂದಾಳ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ಕ್ಲಾಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ, ಕಿಟಕಿಯಿಂದ ಬೆಳಗಿನ ಬಿಸಿಲು ಬೇಕಾದಷ್ಟು ಬೀಳುತ್ತಿತ್ತು.

"ಆಯ್ತು ಮಗಾ," ಎಂದೆ. "ಹೋಗಿ ಕುಳಿತುಕೋ."

ಗಂಟೆ ಹೊಡೆಯಿತು. ಮಕ್ಕಳು ಬಂದು ತುಂಬಿಕೊಂಡರು. ನಾನು ರಿಜಿಸ್ಟರ್ ತೆರೆದು ಹೆಸರುಗಳನ್ನು ಓದುತ್ತ ಹೋದೆ. ಅವಳ ಸಾಲಿಗೆ ಬಂದಾಗ ನಡುವಿನ ಹೆಸರನ್ನು ಹಾರಿಸಿ ಓದಿದೆ. ಅವಳು ಎದ್ದು ನಿಂತು ಹಾಜರ್ ಎಂದಳು. ಆ ಹಳದಿ ದೀಪದ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲವೆಂದು ನಾನು ಪೂರ್ತಿಯಾಗಿ ನಿರ್ಧರಿಸಿದ್ದು ಆಗ, ಅವಳು ಕುಳಿತುಕೊಳ್ಳುವುದರೊಳಗೆ. ಅವಳ ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ಹೆಸರು ಕರೆದೆ.